ಕ್ರೇನಿನ ತುದಿಗೆ ಹೋಗಿ ಕೂತ ಲೊಟ್ಟ

ಎರಡು ವರ್ಷಗಳ ಹಿಂದಿನ ಏಪ್ರಿಲ್ ತಿಂಗಳ ಒಂದು ಬುಧವಾರ. ಗದಗಿನ ಕಡೆಯಿಂದ ನಮ್ಮ ಅತ್ತೆ ಮೊದಲ ಸಲ ನೆದರ್ಲೆಂಡ್ಸಿಗೆ ಬಂದು ಆಗಿನ್ನೂ ಒಂಬತ್ತು ದಿನವಾಗಿತ್ತು. ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವ ಹೊತ್ತಿಗೆ ಅವರು ಇಳಕಲ್ ಸೀರೆಯ ಮೇಲೆ ನನ್ನ ಗಂಡನ ದೊಡ್ಡ ಜಾಕೆಟ್ ಹಾಕಿಕೊಂಡು, ಕಾಲಿಗೆ ಸ್ಪೋರ್ಟ್ಸ್ ಶೂ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ನಡಿ ಸುಮಾ, ನೀ ಏನ್ ಕೆಲಸಾ ಮಾಡ್ತಿ ಅನ್ನೂದು ಇವತ್ತ ನೋಡೇ ಬಿಡ್ತೀನಿ" ಅಂದರು.

ನಾನು ಮೈಸೂರಿನವಳು. ಪ್ರಾಣಿಶಾಸ್ತ್ರ ಓದಿ, ಮುಂದಿನ ಓದಿಗೆ ಇಲ್ಲಿನ ವಾಗೆನಿಂಗನ್ ವಿಶ್ವವಿದ್ಯಾಲಯಕ್ಕೆ ಬಂದು, ಇಲ್ಲೇ ಉಳಿದವಳು. ಗಂಡ ಪ್ರಶಾಂತ ಡೆಲ್ಫ್ಟ್‌ನಲ್ಲಿ ಸಂಶೋಧಕ. ನಾನು ಡೆಲ್ಫ್ಟ್‌ನಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಒಂದು ಚಿಕ್ಕ ಮೃಗಾಲಯದಲ್ಲಿ ಪ್ರಾಣಿಗಳ ವರ್ತನೆ ನೋಡಿಕೊಳ್ಳುವ ವಿಭಾಗದ ಮುಖ್ಯಸ್ಥೆ. ಅದರ ಜೊತೆಗೆ 'ರಾಯಭಾರಿ ಪ್ರಾಣಿ'ಗಳ ಜವಾಬ್ದಾರಿಯೂ ನನ್ನದೇ. ರಾಯಭಾರಿ ಅಂದರೆ ಪಂಜರದ ಒಳಗೇ ಇರದೆ, ತಮ್ಮ ಜಾತಿಯ ಪರವಾಗಿ ಜನರ ಎದುರಿಗೇ ಬರುವ ಪ್ರಾಣಿಗಳು. ನಮ್ಮಲ್ಲಿ ಒಂದು ಮುಳ್ಳುಹಂದಿ, ಎರಡು ಆಮೆ, ಒಂದು ಗೂಬೆ, ಒಂದಿಷ್ಟು ಇಲಿಗಳು ಮತ್ತು ಲೊಟ್ಟ ಎಂಬ ನೀಲಿ-ಹಳದಿ ಮಕಾವ್ ಗಿಳಿ ಇದ್ದವು.

ಅತ್ತೆಗೆ ಈ ಕೆಲಸ ಹಿಡಿಸಿರಲಿಲ್ಲ. ಮೂವತ್ತೈದು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಮಾಡಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು ಅವರು. ಬಂಧುಗಳ ಹತ್ತಿರ ನನ್ನನ್ನು "ಪ್ರಾಣಿ ಡಾಕ್ಟರ್" ಅಂತ ಹೇಳಿಕೊಂಡಿದ್ದರು. ಮದುವೆಯಾದ ಹೊಸದರಲ್ಲಿ, "ನಾನು ಡಾಕ್ಟರ್ ಅಲ್ಲ ಅತ್ತೆ" ಎಂದು ತಿದ್ದಲು ಹೋಗಿದ್ದೆ. ಅವರು, "ಹಂಗಾರ ಏನಂತ ಹೇಳ್ಲಿ? ನನ್ನ ಸೊಸಿ ಗಿಳಿ ಆಡಸ್ತಾಳ ಅಂತ ಹೇಳ್ಲೇನು?" ಅಂದಿದ್ದರು. ನಗುತ್ತಲೇ ಅಂದ ಮಾತು. ಆದರೂ ನನಗೆ ಚುರುಕ್ ಅಂದಿತ್ತು. ಆಮೇಲೆ ನಾನು ತಿದ್ದಲು ಹೋಗಲಿಲ್ಲ.

ಹಾಗಾಗಿ ಆ ಬುಧವಾರ ಅವರನ್ನು ಕರೆದುಕೊಂಡು ಹೊರಟಾಗ ನನಗೆ ಪರೀಕ್ಷೆಗೆ ಹೊರಟ ಹಾಗಿತ್ತು.

ಮೃಗಾಲಯದಲ್ಲಿ ಮೊದಲು ಎದುರಾದವನು ಹೆಂಕ್. ಅರವತ್ತರ ಹತ್ತಿರದ ಮನುಷ್ಯ, ನನ್ನ ಜೊತೆ ಕೆಲಸ ಮಾಡುವ ಹಿರಿಯ ಪಾಲಕ. ಮಾತು ಕಡಿಮೆ. ಅತ್ತೆಗೆ ಕೈ ಕುಲುಕಲು ಬಂದವನು, ಅವರು ಕೈ ಮುಗಿದದ್ದು ನೋಡಿ ತಾನೂ ಗಡಿಬಿಡಿಯಿಂದ ಕೈ ಮುಗಿದ.

ಬೆಳಗಿನ ತೂಕದ ಹೊತ್ತು. ಮುಳ್ಳುಹಂದಿಯ ಮುಂದೆ ನಾನು ತಕ್ಕಡಿಯ ಹಲಗೆ ಇಟ್ಟು ಸುಮ್ಮನೆ ಕೂತೆ. ಅದು ಮೂಸಿತು, ಹಿಂದೆ ಹೋಯಿತು, ಮತ್ತೆ ಬಂದಿತು, ಒಂದು ಕಾಲು ಇಟ್ಟಿತು, ತೆಗೆಯಿತು. ಅತ್ತೆ ಐದು ನಿಮಿಷ ನೋಡಿದರು.

"ಹಿಡದು ಇಡಬಾರದೇನು?" ಅಂತ ಕೇಳಿದರು.

"ಇಲ್ಲ ಅತ್ತೆ. ಬಲವಂತ ಮಾಡೋ ಹಾಗಿಲ್ಲ. ಅದಕ್ಕೆ ಇಷ್ಟ ಆದ್ರೆ ಬರುತ್ತೆ."

"ಬ್ಯಾಡ ಅಂದ್ರ?"

"ಬೇಡ ಅಂದ್ರೆ ಇವತ್ತಿಗೆ ಬಿಟ್ಟುಬಿಡ್ತೀವಿ. ಬೇಡ ಅಂತ ಹೇಳಬಹುದು ಅನ್ನೋದು ಗೊತ್ತಿದ್ರೇನೇ ನಾಳೆ ನಂಬಿಕೊಂಡು ಬರೋದು."

ಸ್ವಲ್ಪ ಹೊತ್ತಿಗೆ ಮುಳ್ಳುಹಂದಿ ತಾನಾಗಿ ಹಲಗೆ ಹತ್ತಿ, ಸಿಹಿಗೆಣಸಿನ ಚೂರು ತೆಗೆದುಕೊಂಡು ಕುಟುಕುಟು ತಿಂದಿತು. ಆಗ ಅತ್ತೆ ತಮಗೆ ತಾವೇ ಎಂಬಂತೆ, "ನಾ ಸಾಲ್ಯಾಗ ಎಷ್ಟ್ ಹುಡುಗ್ರಿಗೆ ಕಿವಿ ಹಿಂಡಿ ಕುಂಡ್ರಸೀನೋ ಏನೋ" ಅಂದರು.

ಅಲ್ಲಿಂದ ಲೊಟ್ಟಳ ಹತ್ತಿರ ಹೋದೆವು. ಅತ್ತೆ ಹೆಸರು ಕೇಳಿ, "ಲೋಟಾ? ಇದೇನ್ ಹೆಸರಪಾ, ನೀರ್ ಕುಡಿಯೂ ಲೋಟಾ?" ಅಂದರು. ಡಚ್ಚರಲ್ಲಿ ಅದು ಹುಡುಗಿಯರಿಗೆ ಇಡುವ ಹೆಸರು ಅಂತ ಎಷ್ಟು ಹೇಳಿದರೂ ಅವರಿಗೆ ಅವಳು ಇವತ್ತಿಗೂ ಲೋಟಾಳೇ.

ಲೊಟ್ಟ ಯಾರದೋ ಮನೆಯಲ್ಲಿ ಆರು ವರ್ಷ ಸಣ್ಣ ಪಂಜರದಲ್ಲಿ ಬೆಳೆದ ಹಕ್ಕಿ. ನಮ್ಮಲ್ಲಿಗೆ ಬಂದಾಗ ಎದೆಯ ಗರಿಗಳನ್ನೆಲ್ಲ ಕಿತ್ತುಕೊಂಡು ಬೋಳಾಗಿದ್ದಳು. ರೆಕ್ಕೆ ಇದ್ದರೂ ಹಾರುವುದು ಗೊತ್ತಿರಲಿಲ್ಲ. ಮೊದಲು ಒಂದು ಗೇಣು ದೂರ, ಆಮೇಲೆ ಒಂದು ಮೊಳ, ಆಮೇಲೆ ಕೋಣೆಯ ಆ ತುದಿಯಿಂದ ಈ ತುದಿ, ಹೀಗೆ ಮೂರು ವರ್ಷ ಕಲಿಸಿದ್ದೆ. ಕಲಿಸುವಾಗ ನನಗೆ ಅರಿವಿಲ್ಲದೆ ಬಾಯಿಗೆ ಬಂದದ್ದು "ಬಾ" ಎಂಬ ಕನ್ನಡದ ಪದ. ಅದೇ ಅವಳ ಆಜ್ಞೆಯಾಯಿತು. ಈಗ ನಮ್ಮ ಮೃಗಾಲಯದ ಡಚ್ಚರೆಲ್ಲ ಅವಳನ್ನು "ಬಾ" ಎಂದೇ ಕರೆಯುತ್ತಾರೆ. ಹೆಂಕ್ ಕರೆದು ತೋರಿಸಿದಾಗ ಅತ್ತೆಯ ಮುಖ ಅರಳಿದ್ದನ್ನು ನೋಡಬೇಕಿತ್ತು.

"ಕನ್ನಡಾ ತಿಳೀತದೇನ ಇದಕ?"

"ಒಂದೇ ಅಕ್ಷರ ಅತ್ತೆ."

ಲೊಟ್ಟ ಆಡುತ್ತಿದ್ದ ಮಾತೂ ಒಂದೇ. "ಡೂಯ್!" ಡಚ್ಚರು ಹೋಗಿಬರುತ್ತೇನೆ ಅನ್ನುವಾಗ ಹೇಳುವ ಮಾತು. ಬಂದವರಿಗೂ ಹೋದವರಿಗೂ ಅವಳು ಅದನ್ನೇ ಹೇಳುತ್ತಿದ್ದಳು.

ಇಲ್ಲಿ ಬುಧವಾರ ಮಧ್ಯಾಹ್ನ ಶಾಲೆ ಇರುವುದಿಲ್ಲ. ಹಾಗಾಗಿ ಎರಡು ಗಂಟೆಯ ಕಾರ್ಯಕ್ರಮಕ್ಕೆ ಮಕ್ಕಳು, ಅಜ್ಜ-ಅಜ್ಜಿಯರು ತುಂಬಿರುತ್ತಾರೆ. ಹುಲ್ಲುಹಾಸಿನ ಈ ಬದಿಯಲ್ಲಿ ತಾನು ಕೂರುವ ಕೋಲಿನಿಂದ ಆ ಬದಿಯಲ್ಲಿ ನಿಂತ ನನ್ನ ಕೈಗೆ ಲೊಟ್ಟ ಹಾರಿ ಬರುವುದು ಕಾರ್ಯಕ್ರಮದ ಕೊನೆಯ ಭಾಗ. ಗಾಳಿಗೆ ಒಂದು ಲೆಕ್ಕ ಇಟ್ಟುಕೊಂಡಿದ್ದೆವು. ಮೈದಾನದ ಮೂಲೆಯ ಪುಟ್ಟ ಬಾವುಟ ನೆಟ್ಟಗೆ ನಿಂತು ಪಟಪಟಿಸಿದರೆ ಹಾರಾಟ ಇಲ್ಲ. ನಿಯಮ ಬರೆದವಳು ನಾನೇ.

ಅವತ್ತು ಬಾವುಟ ಒಮ್ಮೆ ಬೀಳುತ್ತಿತ್ತು, ಒಮ್ಮೆ ನೆಟ್ಟಗೆ ನಿಲ್ಲುತ್ತಿತ್ತು. ಹೆಂಕ್ ಹತ್ತಿರ ಬಂದು, "ಸುಮಾ, ಇವತ್ತು ಬೇಡ ಅನ್ನಿಸ್ತದೆ" ಅಂದ.

ನಾನು ಮುಂದಿನ ಸಾಲಿನ ಕಡೆ ನೋಡಿದೆ. ಅತ್ತೆ ಕನ್ನಡಕ ಒರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. "ಒಂದೇ ಸಲ, ಹೆಂಕ್" ಅಂದೆ.

ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅವಳು ಹಾರಲಿ ಅಂತ ನಾನು ಬಯಸಿದ್ದು ಮಕ್ಕಳಿಗಾಗಿ ಅಲ್ಲ, ಅತ್ತೆ ನೋಡಲಿ ಅಂತ.

ನಾನು ಕೈ ಎತ್ತಿ "ಬಾ" ಅಂದೆ. ಲೊಟ್ಟ ಕೋಲು ಬಿಟ್ಟಳು. ಅರ್ಧ ದಾರಿ ಬಂದಿದ್ದಳು, ಅಷ್ಟರಲ್ಲಿ ಬಲಗಡೆಯಿಂದ ಗಾಳಿ ಬೀಸಿತು. ಎಂಥ ಗಾಳಿಯೆಂದರೆ, ಒಂದು ಮಗುವಿನ ಟೋಪಿ ಹಾರಿ ಕೊಳಕ್ಕೆ ಬಿತ್ತು. ಲೊಟ್ಟ ಗಾಬರಿಯಿಂದ ರೆಕ್ಕೆ ಬಡಿದಳು, ಬಡಿದಷ್ಟೂ ಮೇಲೆ ಹೋದಳು. ನನ್ನ ತಲೆಯ ಮೇಲೆ ಅವಳ ಹಳದಿ ಹೊಟ್ಟೆ ಕಂಡಿತು, ಆಮೇಲೆ ಮರಗಳ ಮೇಲೆ, ಆಮೇಲೆ ಮೃಗಾಲಯದ ಪಕ್ಕದ ಕಾಲುವೆಯ ಆಚೆ. ಮಕ್ಕಳು ಕಾರ್ಯಕ್ರಮದಲ್ಲಿ ಇದೂ ಒಂದು ಅಂದುಕೊಂಡು ಜೋರಾಗಿ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಕೇಳಿ ಆದಷ್ಟು ನಾಚಿಕೆ ನನಗೆ ಯಾವತ್ತೂ ಆಗಿಲ್ಲ.

ಕಾಲುವೆಯ ಆಚೆ ಹೊಸ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದರು. ಅಲ್ಲಿದ್ದ ಎತ್ತರದ ಕ್ರೇನಿನ ಉದ್ದ ತೋಳಿನ ತುತ್ತತುದಿಯಲ್ಲಿ ಲೊಟ್ಟ ಹೋಗಿ ಕೂತಳು. ಕೆಳಗಿನಿಂದ ನೋಡಿದರೆ ಯಾರೋ ಕಟ್ಟಿದ ಒಂದು ನೀಲಿ ಬಟ್ಟೆಯ ತುಂಡಿನ ಹಾಗೆ ಕಾಣುತ್ತಿದ್ದಳು.

ನಿರ್ದೇಶಕಿಗೆ ಫೋನ್ ಮಾಡಿ ನಡೆದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಬಯ್ಯಲಿಲ್ಲ. "ಮೊದಲು ಅವಳನ್ನು ತನ್ನಿ. ಉಳಿದದ್ದು ಆಮೇಲೆ ಮಾತಾಡೋಣ" ಅಂದರು. ಆ ಉಳಿದದ್ದು ಏನೆಂದು ನನಗೆ ಗೊತ್ತಿತ್ತು. ಹಾರಾಟದ ಕಾರ್ಯಕ್ರಮವನ್ನು ಒಂದು ವರ್ಷದ ಪ್ರಯೋಗ ಅಂತ ಅವರು ನನ್ನ ಮೇಲೆ ಭರವಸೆ ಇಟ್ಟು ಒಪ್ಪಿಕೊಂಡಿದ್ದರು. ಇನ್ನು ಅದು ನಿಂತೇಹೋಗಬಹುದಿತ್ತು.

ಹೆಂಕ್‌ಗೆ ಒಂದು ಬಾಕ್‌ಫಿಯೆಟ್ಸ್ ಇದೆ. ಮುಂದೆ ಮರದ ದೊಡ್ಡ ಪೆಟ್ಟಿಗೆ ಇರುವ ಸೈಕಲ್. ಅದರಲ್ಲಿ ಲೊಟ್ಟಳ ಕೋಲು, ಅಕ್ರೋಟಿನ ಡಬ್ಬಿ ಹಾಕಿಕೊಂಡು ಅವನು ಹೊರಟ. ನಾನು ಹಿಂದೆ ಓಡುತ್ತಿದ್ದೆ. ತಿರುಗಿ ನೋಡಿದರೆ ಅತ್ತೆಯೂ ಬರುತ್ತಿದ್ದಾರೆ, ಒಂದು ಕೈಯಲ್ಲಿ ಸೀರೆಯ ನೆರಿಗೆ, ಇನ್ನೊಂದು ಕೈಯಲ್ಲಿ ವ್ಯಾನಿಟಿ ಬ್ಯಾಗು. "ಅತ್ತೆ, ನೀವು ಅಲ್ಲೇ ಕೂತಿರಿ" ಅಂದೆ. "ಸುಮ್ನ ನಡಿ ನೀ" ಅಂದರು.

ಗಾಳಿ ಹೆಚ್ಚಿದ್ದರಿಂದ ಕಟ್ಟಡದವರು ಕ್ರೇನ್ ನಿಲ್ಲಿಸಿಬಿಟ್ಟಿದ್ದರು. ಮೇಸ್ತ್ರಿ ಗೇಟಿನಲ್ಲೇ ನಮ್ಮನ್ನು ತಡೆದ. ಹೆಂಕ್ ಮೇಲೆ ಬೆರಳು ತೋರಿಸಿದ. ಮೇಸ್ತ್ರಿ ತಲೆ ಎತ್ತಿ ನೋಡಿದ, ಲೊಟ್ಟ ಮೇಲಿನಿಂದ "ಡೂಯ್!" ಎಂದು ಕೂಗಿದಳು. ಅವನಿಗೆ ನಗು ತಡೆಯಲಾಗಲಿಲ್ಲ. ನಮಗೆ ಮೂರು ಹೆಲ್ಮೆಟ್ಟು, ಮೂರು ಹೊಳೆಯುವ ಜಾಕೆಟ್ಟು ಕೊಟ್ಟು, ಬಿಳಿ ಗೆರೆ ದಾಟಬಾರದು ಎಂದು ಹೇಳಿ ಒಳಗೆ ಬಿಟ್ಟ. ಇಳಕಲ್ ಸೀರೆ, ದೊಡ್ಡ ಜಾಕೆಟ್ಟು, ಅದರ ಮೇಲೆ ಕಿತ್ತಳೆ ಜಾಕೆಟ್ಟು, ತಲೆಗೆ ಹಳದಿ ಹೆಲ್ಮೆಟ್ಟು. ಅತ್ತೆ ನಿಂತದ್ದು ನೋಡಿದರೆ ಇಡೀ ಕಟ್ಟಡ ಅವರದ್ದೇ ಅನ್ನುವ ಹಾಗಿತ್ತು.

ನಾನು ಕೈ ಎತ್ತಿ ಕರೆದೆ. ಲೊಟ್ಟ ಕತ್ತು ಬಗ್ಗಿಸಿ ನನ್ನನ್ನು ನೋಡಿದಳು. ಕಾಲು ಎತ್ತಿದಳು, ಇಟ್ಟಳು, ರೆಕ್ಕೆ ಅಗಲಿಸಿದಳು, ಮಡಚಿದಳು. ಬರಲು ಮನಸ್ಸಿತ್ತು. ಆದರೆ ಇಳಿಯುವುದು ಅವಳಿಗೆ ಗೊತ್ತಿರಲಿಲ್ಲ. ಹಕ್ಕಿಗಳು ಕಾಡಿನಲ್ಲಿ ಚಿಕ್ಕಂದಿನಿಂದಲೇ ಕಲಿಯುವ ವಿದ್ಯೆ ಅದು. ನಾನು ಅವಳಿಗೆ ನೇರ ಹಾರುವುದನ್ನು ಕಲಿಸಿದ್ದೆ, ಅಷ್ಟು ಎತ್ತರದಿಂದ ಕೆಳಗೆ ಬರುವುದನ್ನು ಕಲಿಸಿರಲಿಲ್ಲ. ಅದು ನನಗೆ ಆಗ, ಅಲ್ಲಿ ನಿಂತಾಗ ಹೊಳೆಯಿತು.

ನಾನು ಮತ್ತೆ ಕರೆದೆ. ಹೆಂಕ್ ಕರೆದ. ಕೆಲಸಗಾರರು ಕಾಫಿ ಲೋಟ ಹಿಡಿದು ಬಂದು ನಿಂತು ತಾವೂ ಕರೆದರು. ಒಬ್ಬ ಸಿಳ್ಳೆ ಹಾಕಿದ. ಬೇಲಿಯ ಆಚೆ ಸೈಕಲ್ ನಿಲ್ಲಿಸಿಕೊಂಡ ಜನ "ಲೊಟ್ಟ! ಲೊಟ್ಟ!" ಅನ್ನತೊಡಗಿದರು. ಲೊಟ್ಟ ಕಂಬಿಯನ್ನು ಇನ್ನೂ ಬಿಗಿಯಾಗಿ ಹಿಡಿದು ಮುದುರಿ ಕೂತಳು.

ಅತ್ತೆ ನನ್ನ ತೋಳು ಹಿಡಿದು ಎಳೆದರು.

"ಸುಮಾ, ಎಲ್ಲಾರಿಗೂ ಸುಮ್ನಿರಾಕ ಹೇಳು."

"ಅತ್ತೆ, ಈಗ..."

"ಹೇಳು ಅಂತೀನಿ. ನಮ್ಮ ಸಾಲ್ಯಾಗ ಒಬ್ಬಾಕಿ ಹುಡುಗಿ ಬೇವಿನ ಗಿಡಾ ಏರಿ ಇಳಿಯಾಕ ಬರದ ಕುಂತಿದ್ಲು. ಊರ ಮಂದಿ ಎಲ್ಲಾ ಕೆಳಗ ನಿಂತು ಒದರಾಕ ಹತ್ತಿದ್ರು. ಒದರಿದಂಗೆಲ್ಲಾ ಅಕಿ ಇನ್ನೂ ಗಟ್ಟಿ ಹಿಡಕೊಂಡ್ಲು. ನಾ ಎಲ್ಲಾರ್ನೂ ಕಳಿಸಿ, ಗಿಡದ ಬುಡಕ ಕುಂತು ಶೇಂಗಾ ತಿನ್ನಾಕ ಹತ್ತಿದೆ. ಅಂಜಿಕಿ ಇಳೀಬೇಕ ಮೊದಲ. ಆಮ್ಯಾಲ ಮಂದಿ ಇಳೀತಾರ."

ನಾನು ಆರು ವರ್ಷದಿಂದ ಹೊಸ ಪಾಲಕರಿಗೆ ಪಾಠ ಮಾಡುತ್ತಿದ್ದದ್ದು ಇದನ್ನೇ. ಹೆದರಿದ ಪ್ರಾಣಿಯನ್ನು ಕರೆಯಬೇಡಿ, ಒತ್ತಾಯ ತೆಗೆಯಿರಿ. ಆ ಗಾಬರಿಯಲ್ಲಿ ಅದೆಲ್ಲ ಮರೆತೇಹೋಗಿತ್ತು. ನಾನು ಮೇಸ್ತ್ರಿಗೆ ಹೇಳಿದೆ, ಮೇಸ್ತ್ರಿ ಎಲ್ಲರಿಗೂ ಹೇಳಿದ. ಬೇಲಿಯ ಆಚೆಯ ಜನಕ್ಕೆ ಅತ್ತೆಯೇ ತಿರುಗಿ, ತುಟಿಯ ಮೇಲೆ ಬೆರಳಿಟ್ಟು ಒಂದು ನೋಟ ನೋಡಿದರು. ಅದಕ್ಕೆ ಭಾಷೆ ಬೇಕಾಗಲಿಲ್ಲ. ಒಬ್ಬ ದಪ್ಪ ಮೀಸೆಯ ಮನುಷ್ಯ ಸೈಕಲ್ಲಿನ ಗಂಟೆಯ ಮೇಲಿದ್ದ ಕೈಯನ್ನೂ ತೆಗೆದುಬಿಟ್ಟ.

ನಾವು ಇಟ್ಟಿಗೆಯ ರಾಶಿಯ ಮೇಲೆ ಕೂತೆವು. ಅತ್ತೆ ಬ್ಯಾಗಿನಿಂದ ಡಬ್ಬಿ ತೆಗೆದು ಎಲ್ಲರಿಗೂ ಒಂದೊಂದು ಬೇಸನ್ ಉಂಡೆ ಕೊಟ್ಟರು. ಮೇಸ್ತ್ರಿ ಒಂದು ತಿಂದು, ಕೇಳದೆಯೇ ಇನ್ನೊಂದು ತೆಗೆದುಕೊಂಡ. ಮೇಲೆ ಲೊಟ್ಟ ಸ್ವಲ್ಪ ಸಡಿಲಾದಳು. ಒಂದು ರೆಕ್ಕೆಯ ಗರಿಯನ್ನು ಕೊಕ್ಕಿನಿಂದ ಸರಿಮಾಡಿಕೊಂಡಳು. ಹಕ್ಕಿ ಗರಿ ಸರಿಮಾಡಿಕೊಂಡರೆ ಹೆದರಿಕೆ ಇಳಿಯುತ್ತಿದೆ ಎಂದು ಅರ್ಥ. ನನ್ನ ತಲೆಯೂ ಆಗಲೇ ಕೆಲಸ ಮಾಡತೊಡಗಿತು.

ಎದುರಿಗೆ ಹೆಂಕ್‌ನ ಸೈಕಲ್ಲಿನ ಪೆಟ್ಟಿಗೆಯಲ್ಲಿ ಲೊಟ್ಟಳ ಕೋಲು ನಿಂತಿತ್ತು. ಅಡ್ಡಪಟ್ಟಿ, ಪಕ್ಕದಲ್ಲಿ ತಿಂಡಿಯ ಬಟ್ಟಲು. ಪ್ರತಿದಿನ ಬೆಳಿಗ್ಗೆ ಅವಳು ಅದರ ಮೇಲೆ ಕೂತು, ಆ ಪೆಟ್ಟಿಗೆಯಲ್ಲೇ ಮೃಗಾಲಯ ಸುತ್ತುತ್ತಿದ್ದಳು. ಕೋಲು ಅಲುಗಾಡಿದರೂ ಇಳಿಯುತ್ತಿರಲಿಲ್ಲ. ಅದರ ಹಿಂದೆ, ಸ್ವಲ್ಪ ದೂರದಲ್ಲಿ, ಕ್ರೇನಿನ ಕೊಕ್ಕೆ ತೂಗುತ್ತಿತ್ತು.

"ಹೆಂಕ್, ಅವಳು ಕೋಲಿನ ಹತ್ತಿರ ಬರೋದು ಬೇಡ. ಕೋಲನ್ನೇ ಅವಳ ಹತ್ತಿರ ಕಳಿಸೋಣ" ಅಂದೆ.

ಹೆಂಕ್ ಕೊಕ್ಕೆ ನೋಡಿದ, ಕೋಲು ನೋಡಿದ, ನನ್ನನ್ನು ನೋಡಿದ. "ಹ್ಞಾಂ" ಅಂದ. ಅವನಿಂದ ಅಷ್ಟು ಬಂದರೆ ದೊಡ್ಡದು.

ಕ್ರೇನ್ ಓಡಿಸುವವನ ಹೆಸರು ಬರ್ಟ್. ಆಗ ಗಂಟೆ ನಾಲ್ಕಾಗುತ್ತಾ ಬಂದಿತ್ತು, ಅವನ ಕೆಲಸ ಮುಗಿಯುವ ಹೊತ್ತು. ಬ್ಯಾಗು ಹೆಗಲಿಗೇರಿಸಿಕೊಂಡಿದ್ದ. ನಾನು ಕೇಳಿದ್ದನ್ನು ಪೂರ್ತಿ ಕೇಳಿಸಿಕೊಂಡ. "ಗಾಳಿ ಇಳಿಯೋ ತನಕ ನಾನು ಕೊಕ್ಕೆ ಮುಟ್ಟೋದಿಲ್ಲ. ಇಳಿದ್ರೆ ಹತ್ತುತ್ತೀನಿ" ಅಂದ. ಹೆಂಡತಿಗೆ ಫೋನ್ ಮಾಡಿ, ಮಗಳನ್ನು ಈಜು ಕ್ಲಾಸಿಗೆ ನೀನೇ ಕರೆದುಕೊಂಡು ಹೋಗು ಎಂದು ಹೇಳಿದ. ಕಾರಣ ಹೇಳಿದಾಗ ಆ ಕಡೆಯಿಂದ ಅವಳು ನಂಬಲಿಲ್ಲ ಅಂತ ಕಾಣುತ್ತದೆ. ಲೊಟ್ಟಳ ಫೋಟೊ ತೆಗೆದು ಕಳಿಸಬೇಕಾಯಿತು.

ಕಾದೆವು. ಆ ಮುಕ್ಕಾಲು ಗಂಟೆಯಲ್ಲಿ ನಾನು ಬರ್ಟ್‌ಗೆ ಕನ್ನಡ ಕಲಿಸಿದೆ. ಮೇಲೆ ಅವಳಿಗೆ ಹತ್ತಿರ ಇರುವವನು ಅವನೇ.

"ಬಾ" ಅಂದೆ.

"ಬಾ-ಬಾ-ಬಾ" ಅಂದ ಬರ್ಟ್.

"ಹಾಗಲ್ಲ. ಒಂದೇ ಸಲ. ಒಂದು ಸಲ ಹೇಳಿ ಸುಮ್ಮನಾಗಬೇಕು. ಹತ್ತು ಸಲ ಹೇಳಿದರೆ ಆ ಮಾತಿಗೆ ಬೆಲೆ ಇರೋದಿಲ್ಲ. ಅವಳು ಬರದಿದ್ದರೂ ಎರಡನೇ ಸಲ ಹೇಳಬೇಡ."

ಅತ್ತೆ ಪಕ್ಕದಲ್ಲಿ ನಿಂತು, ಅವನ ಉಚ್ಚಾರ ತಿದ್ದಿದರು. "ಬಾಯಿ ತೆಗಿ. ಹಾಂ. ಬಾ." ಡಚ್ ಬಾರದ ಅವರು, ಕನ್ನಡ ಬಾರದ ಅವನು. ಅವನು ಆರಡಿ ಮೇಲಿದ್ದ, ಅವರು ಅವನ ಮೊಣಕೈ ಹತ್ತಿರ. ಮೂರನೇ ಸಲಕ್ಕೆ ಸರಿಯಾಗಿ ಅಂದಾಗ "ಶಾಬಾಸ್" ಎಂದು ಬೆನ್ನು ತಟ್ಟಿದರು.

ನಾಲ್ಕೂ ಮುಕ್ಕಾಲಿಗೆ ಗಾಳಿ ಇಳಿಯಿತು. ಬರ್ಟ್ ಗಾಳಿಯ ವೇಗ ಅಳೆಯುವ ತನ್ನ ಕೈಮಾಪಕ ನೋಡಿಕೊಂಡು, ಏನೂ ಮಾತಾಡದೆ ಏಣಿ ಹತ್ತತೊಡಗಿದ. ಇಡೀ ದಿನ ಕೆಲಸ ಮಾಡಿದ ಮನುಷ್ಯ, ಮತ್ತೆ ಅಷ್ಟು ಎತ್ತರ. ಹೆಂಕ್ ಕೋಲನ್ನು ನಾಲ್ಕು ಹಗ್ಗದಲ್ಲಿ ಕೊಕ್ಕೆಗೆ ಬಿಗಿದ. ಬಟ್ಟಲಿಗೆ ಒಡೆದ ಅಕ್ರೋಟು ತುಂಬಿಸಿದೆ. ಅವಸರದಲ್ಲಿ ಅರ್ಧ ಕೆಳಗೆ ಚೆಲ್ಲಿತು.

ಕೋಲು ಮೇಲೆ ಹೋಯಿತು. ನಿಧಾನವಾಗಿ, ಮಧ್ಯೆ ಮಧ್ಯೆ ನಿಂತು. ಎಷ್ಟು ನಿಧಾನ ಅಂದರೆ ಬರ್ಟ್‌ಗೆ ಪ್ರಾಣಿಗಳ ಬಗ್ಗೆ ಗೊತ್ತಿದೆಯೇನೋ ಅನ್ನಿಸಿತು. ಆಮೇಲೆ ತೋಳಿನ ತುದಿಯ ಕಡೆ ಸರಿಯಿತು. ಲೊಟ್ಟ ಎರಡು ಹೆಜ್ಜೆ ಹಿಂದೆ ಸರಿದಳು. ಕೋಲು ನಿಂತಿತು. ಅಲ್ಲಾಡುವುದು ನಿಲ್ಲುವವರೆಗೂ ಬರ್ಟ್ ಕಾದ.

ಮೇಲಿನಿಂದ, ಕ್ರೇನಿನ ಕ್ಯಾಬಿನ್ನಿನ ಕಿಟಕಿಯಿಂದ, ದಪ್ಪ ದನಿಯಲ್ಲಿ ಒಂದೇ ಒಂದು ಮಾತು ಕೇಳಿಸಿತು.

"ಬಾ!"

ಅವನು ಎರಡನೇ ಸಲ ಹೇಳಲಿಲ್ಲ.

ಲೊಟ್ಟ ತಲೆ ಓರೆ ಮಾಡಿ ಬಟ್ಟಲು ನೋಡಿದಳು. ಒಂದು ಕಾಲು ಎತ್ತಿದಳು. ಹಿಂದಕ್ಕಿಟ್ಟಳು. ಬೆಳಿಗ್ಗೆ ಮುಳ್ಳುಹಂದಿಯ ಮುಂದೆ ಸಮಾಧಾನದಿಂದ ಕೂತಿದ್ದ ನಾನೇ ಈಗ ಉಸಿರು ಹಿಡಿದು ನಿಂತಿದ್ದೆ. ಬೇಡ ಅನ್ನುವ ಹಕ್ಕು ಅವಳಿಗೂ ಇತ್ತು. ಬೇಡ ಅಂದರೆ ಏನು ಮಾಡುವುದೋ ನನಗೆ ಗೊತ್ತಿರಲಿಲ್ಲ.

ಆಮೇಲೆ, ತೀರಾ ಸಹಜವಾಗಿ, ದಿನಾ ಬೆಳಿಗ್ಗೆ ಮಾಡುವ ಹಾಗೆ, ಕೊಕ್ಕಿನಿಂದ ಹಗ್ಗ ಹಿಡಿದು, ಕಾಲು ಇಳಿಸಿ, ಲೊಟ್ಟ ತನ್ನ ಕೋಲಿನ ಮೇಲೆ ಹೋಗಿ ಕೂತಳು. ಬಟ್ಟಲಿಗೆ ಬಾಯಿ ಹಾಕಿದಳು.

ಬೇಲಿಯ ಆಚೆ ಒಬ್ಬರೂ ಕೂಗಲಿಲ್ಲ. ಎಲ್ಲರೂ ಕೈಗಳನ್ನು ಮೇಲೆತ್ತಿ ಸದ್ದಿಲ್ಲದೆ ಅಲ್ಲಾಡಿಸಿದರು. ಅತ್ತೆಯ ಒಂದು ನೋಟದ ಹೆದರಿಕೆ ಅಷ್ಟಿತ್ತು.

ಬರ್ಟ್ ಕೊಕ್ಕೆ ಇಳಿಸತೊಡಗಿದ. ಲೊಟ್ಟ ಅಕ್ರೋಟು ತಿನ್ನುತ್ತಾ, ರಾಣಿಯ ಹಾಗೆ ಆಚೀಚೆ ನೋಡುತ್ತಾ ಇಳಿದಳು. ಮೂರು ಮಹಡಿಯಷ್ಟು ಎತ್ತರಕ್ಕೆ ಬಂದಾಗ ಸಣ್ಣ ಗಾಳಿ ಬೀಸಿ ಕೋಲು ತೂಗಿತು. ಅವಳು ರೆಕ್ಕೆ ಬಿಚ್ಚಿದಳು. ಬರ್ಟ್ ತಕ್ಷಣ ನಿಲ್ಲಿಸಿದ. ಮತ್ತೆ ಎಲ್ಲಿಗಾದರೂ ಹಾರಿಹೋದರೆ? ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡರು.

ಕರೆಯುವುದೋ ಬೇಡವೋ? ಆ ಎತ್ತರ ಅವಳಿಗೆ ಗೊತ್ತಿದ್ದ ಎತ್ತರ. ನಮ್ಮ ದೊಡ್ಡ ಪಕ್ಷಿಮನೆಯ ಮಾಡಿನಿಂದ ಅವಳು ಒಂದೆರಡು ಸಲ ಹೇಗೋ ಇಳಿದಿದ್ದಳು. ನಾನು ಗೆರೆಯ ಹಿಂದೆ ನಿಂತೇ ಕೈ ಎತ್ತಿ ಹಿಡಿದೆ.

"ಬಾ."

ಅವಳು ಬಿಟ್ಟಳು. ಒಂದು ಅಗಲವಾದ ಸುತ್ತು ಹಾಕಿ, ಇಟ್ಟಿಗೆಯ ರಾಶಿಯ ಮೇಲಿನಿಂದ, ಮೇಸ್ತ್ರಿಯ ತಲೆ ಸವರಿಕೊಂಡು ಬಂದು, ನನ್ನ ತೋಳಿನ ಮೇಲೆ ಧೊಪ್ಪನೆ ಕೂತಳು. ಉಗುರು ಜಾಕೆಟ್ಟಿನ ಒಳಗೆ ಚುಚ್ಚಿತು. ಆ ಭಾರ, ಆ ಬೆಚ್ಚಗಿನ ಹೊಟ್ಟೆ. ಅವಳು ನನ್ನ ಮುಖ ನೋಡಿ, "ಡೂಯ್!" ಅಂದಳು.

ಆಗ ಅತ್ತೆ ಚಪ್ಪಾಳೆ ತಟ್ಟಿದರು. ಅವರು ತಟ್ಟಿದ ಮೇಲೆ ಉಳಿದವರಿಗೆಲ್ಲ ಅಪ್ಪಣೆ ಸಿಕ್ಕಂತಾಯಿತು. ಸೈಕಲ್ ಗಂಟೆಗಳು, ಸಿಳ್ಳೆ, ಕೂಗು, ಮೇಲಿನಿಂದ ಕ್ರೇನಿನ ಹಾರ್ನು. ನಾನು ಮಾತ್ರ ಲೊಟ್ಟಳನ್ನು ಎದೆಗೆ ಹತ್ತಿರ ಹಿಡಿದು ಚಿಕ್ಕ ಹುಡುಗಿಯ ಹಾಗೆ ಅಳುತ್ತಾ ನಗುತ್ತಿದ್ದೆ. ಹೆಂಕ್ ಮುಖ ಆ ಕಡೆ ತಿರುಗಿಸಿಕೊಂಡು, ಕೈಯಲ್ಲಿ ಉಳಿದಿದ್ದ ಹಗ್ಗದ ತುಂಡನ್ನು ಮತ್ತೆ ಮತ್ತೆ ಸುತ್ತುತ್ತಿದ್ದ.

ಬರ್ಟ್ ಇಳಿದು ಬಂದ ಮೇಲೆ ಲೊಟ್ಟಳ ಮುಂದೆ ನಿಂತು, ತೋಳು ಚಾಚಿ, ನಾಚಿಕೊಳ್ಳುತ್ತಾ "ಬಾ" ಅಂದ. ಅವಳು ಅವನನ್ನು ಮೇಲಿಂದ ಕೆಳಗೆ ನೋಡಿ, ಅವನ ತೋಳಿನ ಮೇಲೆ ಹೋಗಿ ಕೂತಳು. ಆರಡಿ ಮನುಷ್ಯ ಅಲ್ಲಾಡದೆ ನಿಂತ. ಅತ್ತೆ ಉಳಿದ ಉಂಡೆಗಳನ್ನು ಡಬ್ಬಿ ಸಮೇತ ಅವನ ಕೈಗಿಟ್ಟು, "ಮಗಳಿಗೆ ಕೊಡು ಅಂತ ಹೇಳು ಸುಮಾ" ಅಂದರು.

ಅವತ್ತು ಬಸ್ಸಿನಲ್ಲಿ ವಾಪಸ್ಸು ಬರುವಾಗ ನಾನು ಅತ್ತೆಗೆ ನಿಜ ಹೇಳಿದೆ. "ಹೆಂಕ್ ಬೇಡ ಅಂದಿದ್ದ ಅತ್ತೆ. ನಿಮಗೆ ತೋರಿಸಬೇಕು ಅಂತ ನಾನೇ ಹಾರಿಸಿದೆ. ತಪ್ಪು ನಂದು."

ಅವರು ಕಿಟಕಿಯಿಂದ ನನ್ನ ಕಡೆ ತಿರುಗಿದರು.

"ನಾ ಏನರ ಅಂದಿದ್ದಕ್ಕ ಹಿಂಗ ಮಾಡಿದ್ಯೇನು?" ಅಂತ ಕೇಳಿದರು.

ಅವರೇ ಮುಂದುವರಿಸಿದರು. "ನಾ ತಿಳೀದ ಮಾತಾಡಿದ್ದೆ. ಹಾರಿದ್ದು ನೋಡಿ ಏನೂ ಅನಿಸಲಿಲ್ಲ ನನಗ. ಅಷ್ಟ್ ಮ್ಯಾಲ ಹೋದ ಹಕ್ಕಿ ನಿನ್ನ ದನಿ ಕೇಳಿ ಕೈ ಮ್ಯಾಲ ಬಂದು ಕುಂತತಲ್ಲ, ಅದನ್ನ ನೋಡಿದೆ. ಅದು ಸಣ್ಣ ಕೆಲಸಲ್ಲ ಬಿಡು." ಆಮೇಲೆ ತಕ್ಷಣ ಟೀಚರ್ ಆಗಿಬಿಟ್ಟರು. "ಆದ್ರ ಇನ್ನೊಮ್ಮೆ ಗಾಳಿಯಾಗ ಬಿಡಬ್ಯಾಡ. ಆ ಹೆಂಕನ ಮಾತ ಕೇಳು."

ಮರುದಿನ ನಾನು ವರದಿ ಬರೆದೆ. ನಿಯಮ ನನ್ನದು, ಮುರಿದವಳೂ ನಾನೇ ಎಂದು ಮೊದಲ ಸಾಲಿನಲ್ಲೇ ಬರೆದೆ. ನಿರ್ದೇಶಕಿ ಓದಿ, ಹಾರಾಟವನ್ನು ಬೇಸಿಗೆ ಮುಗಿಯುವವರೆಗೆ ನಿಲ್ಲಿಸಿದರು. ಅದು ನ್ಯಾಯವಾಗಿತ್ತು. "ಆ ತಿಂಗಳುಗಳಲ್ಲಿ ಏನು ಮಾಡ್ತೀರಿ?" ಎಂದು ಕೇಳಿದರು. "ಇಳಿಯೋದು ಕಲಿಸ್ತೀನಿ" ಅಂದೆ. ಇನ್ನೊಂದು ಬದಲಾವಣೆಯನ್ನೂ ನಾನೇ ಕೇಳಿ ಮಾಡಿಸಿಕೊಂಡೆ. ಈಗ ಹಾರಾಟಕ್ಕೆ ನನ್ನದು, ಹೆಂಕ್‌ನದು, ಇಬ್ಬರ ಒಪ್ಪಿಗೆಯೂ ಬೇಕು. ಇಬ್ಬರಲ್ಲಿ ಯಾರೇ ಬೇಡ ಅಂದರೂ ಅವತ್ತು ಹಾರಾಟ ಇಲ್ಲ, ವಾದವೂ ಇಲ್ಲ.

ಕಲಿಸಿದೆವು. ಮೊದಲು ಏಣಿಯ ಎರಡನೇ ಮೆಟ್ಟಿಲಿನಿಂದ, ಆಮೇಲೆ ಐದನೆಯದು, ಆಮೇಲೆ ಪಕ್ಷಿಮನೆಯ ಮೂಲೆಯ ಎತ್ತರದ ತೊಲೆ, ಆಮೇಲೆ ಉದ್ದ ದಾರ ಕಟ್ಟಿ ಹೊರಗಿನ ಕಂಬ. ಲೊಟ್ಟ ದಿನವೂ ಒಂದಿಷ್ಟು ಹೆದರುತ್ತಿದ್ದಳು, ಒಂದಿಷ್ಟು ಕಲಿಯುತ್ತಿದ್ದಳು. ಅತ್ತೆ ಊರಿಗೆ ಹೋದ ಮೇಲೂ ಪ್ರತಿ ಭಾನುವಾರ ವಿಡಿಯೊ ಕಾಲ್ ಮಾಡಿ, ಮಗನ ಆರೋಗ್ಯ ಕೇಳುವ ಮೊದಲು "ಲೋಟಾ ಎಲ್ಲಿಮಟಾ ಬಂತು?" ಎಂದು ಕೇಳುತ್ತಿದ್ದರು.

ಸೆಪ್ಟೆಂಬರ್ ತಿಂಗಳ ಒಂದು ಬುಧವಾರ ಕಾರ್ಯಕ್ರಮ ಮತ್ತೆ ಶುರುವಾಯಿತು. ಬರ್ಟ್ ತನ್ನ ಹೆಂಡತಿ ಮತ್ತು ಮಗಳ ಜೊತೆ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ. ಬಾವುಟ ಅಲ್ಲಾಡುತ್ತಲೇ ಇರಲಿಲ್ಲ. ನಾನು ಹೆಂಕ್ ಕಡೆ ನೋಡಿದೆ, ಅವನು ಹೂಂ ಎಂದು ತಲೆಯಾಡಿಸಿದ. ನಮ್ಮ ಮೈದಾನದ ಅಂಚಿನಲ್ಲಿ ಒಂದು ಎತ್ತರದ ಪಾಪ್ಲರ್ ಮರ ಇದೆ. ಕಾರ್ಯಕ್ರಮದಲ್ಲಿ ಆ ಮರ ಇರಲಿಲ್ಲ. ಆದರೆ ಲೊಟ್ಟ, ನಾನು ಕರೆಯುವ ಮೊದಲೇ ಕೋಲು ಬಿಟ್ಟವಳು, ಸೀದಾ ಅದರ ತುದಿಗೆ ಹೋಗಿ ಕೂತಳು. ಈ ಸಲ ಗಾಳಿ ತಳ್ಳಿದ್ದಲ್ಲ, ಅವಳಿಗೇ ಮನಸ್ಸಾಗಿ ಹೋದದ್ದು.

ಮಕ್ಕಳು ಸುಮ್ಮನಾದರು. ನಾನು ಕರೆಯಲಿಲ್ಲ. ಅವಳು ಅಲ್ಲಿಂದ ಕಾಲುವೆ, ಹೊಲ, ದೂರದ ರೈಲು, ಎಲ್ಲವನ್ನೂ ನೋಡಿದಳು. ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು. ಒಂದು ನಿಮಿಷ ಕಳೆದ ಮೇಲೆ ತಾನಾಗಿ ಮೈ ಮುಂದಕ್ಕೆ ಬಗ್ಗಿಸಿ, ರೆಕ್ಕೆಯನ್ನು ಅರ್ಧ ಮಡಚಿ, ಮರದ ಸುತ್ತ ಎರಡು ಸುತ್ತು ಹಾಕುತ್ತಾ ಇಳಿದಳು. ನೀಲಿ, ಹಳದಿ, ಮತ್ತೆ ನೀಲಿ. ಒಂದು ಕಡೆಯೂ ತಡವರಿಸದೆ ಬಂದು ನನ್ನ ತೋಳಿನ ಮೇಲೆ ಕೂತಳು.

ಈಗಲೂ ಅದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ನಾನು ಈ ಕೆಲಸದಲ್ಲಿ ಏನು ಕಲಿಸುತ್ತೇನೆ ಎಂದು ಯಾರಾದರೂ ಕೇಳಿದರೆ ಉದ್ದದ ಉತ್ತರ ಬರುವುದಿಲ್ಲ. ಅವತ್ತು ಮಧ್ಯಾಹ್ನ ನಾನು ಅವಳನ್ನು ಕರೆದಿರಲೇ ಇಲ್ಲ. ಆದರೂ ಅವಳು ಬಂದಳು.